ಒಂಬತ್ತು ಸೊನ್ನೆಗಳ ಫಾರಂ: ಜೈಲಿನ ಒಂದು ಪ್ರಕರಣ

ಇದು ಜೈಲಿನಲ್ಲಿ ನಾನು ಮಾನಸಿಕ ಆರೈಕೆ ಮಾಡಿದ ಒಬ್ಬ ಕೈದಿಯ ಪ್ರಕರಣ. ಗುರುತು ಸಿಗಬಾರದೆಂದು ವಯಸ್ಸು, ಮನೆಯವರ ವಿವರ, ಆರೋಪ ಎಲ್ಲವನ್ನೂ ಬದಲಿಸಿದ್ದೇನೆ ಅಥವಾ ಬಿಟ್ಟಿದ್ದೇನೆ. ನಾನು ಯಾವ ಹೊತ್ತಿಗೆ ಏನು ತೀರ್ಮಾನ ತಗೊಂಡೆ, ಅದರಲ್ಲಿ ಯಾವುದು ಕೈಕೊಟ್ಟಿತು ಅನ್ನುವುದನ್ನು ಮಾತ್ರ ಇದ್ದದ್ದು ಇದ್ದ ಹಾಗೇ ಬರೆದಿದ್ದೇನೆ. ಹೆಸರು ಬೇಡ, 'ಆತ' ಅಂದರೆ ಸಾಕು.

ಚೀಟಿ

ಆತನಿಗಿಂತ ಮೊದಲು ನನ್ನ ಹತ್ತಿರ ಬಂದಿದ್ದು ಒಂದು ಚೀಟಿ. ಅದರಲ್ಲಿ ಮೂರೇ ಸಾಲು. 'ಗಮನ ಸೆಳೆಯಲು ಕೈಗೆ ಗಾಯ ಮಾಡಿಕೊಳ್ಳುತ್ತಾನೆ. 5 ವಾರದಲ್ಲಿ 3 ಸಲ. ಬುದ್ಧಿ ಹೇಳಿ.'

ಇಂಥ ಚೀಟಿ ಜೈಲಿನಲ್ಲಿ ಕೆಲಸ ಮಾಡುವವರಿಗೆ ಹೊಸದಲ್ಲ. ಬರೆದವರು ಕೆಟ್ಟವರು ಅಂತಲೂ ಅಲ್ಲ. ಒಂದು ಬ್ಲಾಕಿಗೆ ಇಬ್ಬರೋ ಮೂವರೋ ವಾರ್ಡರ್‌ಗಳು. ಎಣಿಕೆ, ಬೀಗ, ಕೋರ್ಟ್, ಜಗಳ ಎಲ್ಲವೂ ಅವರ ತಲೆ ಮೇಲೆ. ಅದರ ನಡುವೆ ಒಬ್ಬ ಮತ್ತೆ ಮತ್ತೆ ಗಾಯ ಮಾಡಿಕೊಂಡರೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಅದು 'ನಾಟಕ' ಆಗಿಬಿಡುತ್ತದೆ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳ ದಾಖಲೆ ಹಿಡಿದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಬೇರೆಯದೇ ಹೇಳುತ್ತದೆ. ಹೀಗೆ ಗಾಯ ಮಾಡಿಕೊಳ್ಳುವ ಕೈದಿಗಳಲ್ಲಿ ಮುಂದೆ ಆತ್ಮಹತ್ಯೆಯಿಂದ ಸಾಯುವವರ ಪ್ರಮಾಣ ಉಳಿದ ಕೈದಿಗಳಿಗಿಂತ ಜಾಸ್ತಿ. ನಾಟಕ ಅಂತ ಕೈಬಿಡುವ ಹಾಗಿಲ್ಲ.

ಆತನಿಗೆ ಇಪ್ಪತ್ತರ ಆಚೆಯ ವಯಸ್ಸು, ವಿಚಾರಣಾಧೀನ ಕೈದಿ. ಒಳಗೆ ಬಂದು ಮೂರು ತಿಂಗಳಾಗಿತ್ತು. ಹೊರಗಿದ್ದಾಗ ದಿನಾ ಕುಡಿಯುತ್ತಿದ್ದ. ಬಂದ ಮೊದಲ ವಾರ ಕೈ ನಡುಗಿ, ಬೆವರಿ, ವೈದ್ಯಾಧಿಕಾರಿ ನೋಡಿಕೊಂಡಿದ್ದರು. ಮದ್ಯ ಬಿಟ್ಟವರಿಗೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2ರಿಂದ 4 ದಿನದಲ್ಲಿ ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು ಶುರುವಾಗಬಹುದು. ಹೊಸ ಕೈದಿ ಮೊದಲ ವಾರ ವಿಚಿತ್ರವಾಗಿ ಆಡಿದರೆ ನಾನು ಮೊದಲು ಕೇಳುವುದೇ ಇದನ್ನು, ಮನಸ್ಸಿನ ಪ್ರಶ್ನೆ ಆಮೇಲೆ. ಈತನಲ್ಲಿ ಆ ಘಟ್ಟ ಮುಗಿದಿತ್ತು. ತಾಯಿ ತಂದೆ ಇಲ್ಲ. ಸಾಕಿದ್ದು ಅಕ್ಕ.

ಆಗ ನಾನು ಆ ಜೈಲಿಗೆ ವಾರಕ್ಕೆ 2 ದಿನ ಹೋಗುತ್ತಿದ್ದೆ, ಸೋಮವಾರ ಮತ್ತು ಬುಧವಾರ. ಈ ಎರಡು ದಿನದ ವಿಷಯ ಮುಂದೆ ಮುಖ್ಯವಾಗುತ್ತದೆ.

ಮೊದಲ ಮೂರು ಭೇಟಿ

ನನಗೆ ಕೊಟ್ಟಿದ್ದು ಹಳೇ ಸ್ಟೋರ್ ರೂಮು. ಬಾಗಿಲು ಪೂರ್ತಿ ಮುಚ್ಚುವಂತಿಲ್ಲ, ಒಂದು ಗೇಣಾದರೂ ತೆರೆದಿರಬೇಕು. ಹೊರಗೆ ಸ್ಟೂಲಿನ ಮೇಲೆ ವಾರ್ಡರ್. ಬಾಗಿಲಿಗೆ ಹತ್ತಿರದ ಕುರ್ಚಿ ನನ್ನದು, ಗೋಡೆ ಕಡೆಯದು ಕೈದಿಯದು. ಅದು ಭದ್ರತೆಯ ಲೆಕ್ಕ. ಹಾಗಾಗಿ ನನ್ನ ಜೊತೆ ಮಾತಾಡುವವನಿಗೆ ನನ್ನ ಭುಜದಾಚೆ ಸದಾ ವಾರ್ಡರನ ಮೊಣಕೈ ಕಾಣುತ್ತಿರುತ್ತದೆ. 'ಆರಾಮಾಗಿ ಮಾತಾಡಿ' ಅನ್ನುವುದಕ್ಕೆ ನನಗೇ ಬಾಯಿ ಬರುತ್ತಿರಲಿಲ್ಲ.

ಆತ ಅಂಗಿ ತೋಳನ್ನು ಬೆರಳಿನವರೆಗೂ ಎಳೆದುಕೊಂಡು ಕೂತ. ಮೊದಲ ಪ್ರಶ್ನೆ ಆತನದೇ. "ಮೇಡಂ, ನೀವು ಕೋರ್ಟಿಗೆ ಬರೀತೀರಾ?"

ಇಲ್ಲ ಅಂದೆ. ಆಮೇಲೆ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನಿಸಿದರೆ ನಾನು ತಿಳಿಸಲೇಬೇಕಾಗುತ್ತದೆ, ಅಂತ. ಆತ ತಲೆ ಆಡಿಸಿದ. ಹೇಳಬೇಕಾದ್ದು ಹೇಳಿ ಆಯ್ತು ಅಂದುಕೊಂಡೆ. ಯಾರಿಗೆ ತಿಳಿಸುತ್ತೇನೆ, ತಿಳಿಸಿದ ಮೇಲೆ ಆತನಿಗೆ ಏನಾಗುತ್ತದೆ ಅನ್ನುವುದನ್ನು ಹೇಳಲಿಲ್ಲ. ಹೇಳೋಣ ಅಂದರೆ ಆಗ ನನಗೇ ಅದು ಸರಿಯಾಗಿ ಗೊತ್ತಿರಲಿಲ್ಲ.

ಆರೋಪದ ಬಗ್ಗೆ ಆತ ಶುರು ಮಾಡಿದಾಗ ಮಾತ್ರ ಅರ್ಧಕ್ಕೆ ತಡೆದೆ. ಕೇಸು ಇನ್ನೂ ನಡೆಯುತ್ತಿದೆ. ನನ್ನ ಟಿಪ್ಪಣಿಯನ್ನು ನಾಳೆ ಯಾರಾದರೂ ಕೇಳಬಹುದು. "ಅವತ್ತು ಏನಾಯ್ತು ಅನ್ನೋದು ನನಗೆ ಬೇಡ. ಇವತ್ತು ರಾತ್ರಿ ಹೇಗೆ ಕಳೀತೀರಿ ಅನ್ನೋದು ಹೇಳಿ" ಅಂದೆ. ಈಗಲೂ ವಿಚಾರಣಾಧೀನರ ಜೊತೆ ಹೀಗೇ ಮಾಡುತ್ತೇನೆ.

ಪಿಎಚ್‌ಕ್ಯೂ-9 ಫಾರಂ ತುಂಬಿಸಿದೆ. ಖಿನ್ನತೆಯ ತೀವ್ರತೆ ಅಳೆಯುವ 9 ಪ್ರಶ್ನೆಗಳ ಪಟ್ಟಿ ಅದು. ಕಳೆದ 2 ವಾರ ಹೇಗಿತ್ತು ಅಂತ ಕೇಳುತ್ತದೆ. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಆತನಿಗೆ ಓದು ಕಷ್ಟ, ನಾನೇ ಓದಿ ಹೇಳಿದೆ. 19 ಬಂತು. ಸಣ್ಣ ಅಂಕ ಅಲ್ಲ ಅದು. ಹಾಗಂತ ಜೈಲಿನಲ್ಲಿ ಅಪರೂಪವೂ ಅಲ್ಲ. 24 ದೇಶಗಳ 33 ಸಾವಿರಕ್ಕೂ ಹೆಚ್ಚು ಕೈದಿಗಳ ಮಾಹಿತಿ ಒಟ್ಟು ಮಾಡಿದ 2012ರ ಅಧ್ಯಯನದ ಪ್ರಕಾರ, ಸುಮಾರು ಏಳು ಜನರಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಅಥವಾ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಕಾಯಿಲೆ) ಇರುತ್ತದೆ.

ಎರಡನೇ ಭೇಟಿ ನಿದ್ರೆ ಬಗ್ಗೆಯೇ ಹೋಯಿತು. ಮೂರನೆಯದು ಬುಧವಾರ. ಅವತ್ತು ಆತ ಗೋಡೆ ನೋಡುತ್ತಾ, ಸಾಯಬೇಕು ಅನಿಸುತ್ತದೆ ಅಂದ. ಹೇಗೆ ಅನ್ನುವುದನ್ನೂ ಯೋಚಿಸಿಟ್ಟಿದ್ದ. ನಾನು ಕೇಳಬೇಕಾದ್ದೆಲ್ಲ ನೇರವಾಗಿ ಕೇಳಿದೆ. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಅಂತ ಕೆಲವರು ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ. ಆಮೇಲೆ "ಇದನ್ನ ನಾನು ಡಾಕ್ಟರಿಗೆ ಹೇಳಬೇಕಾಗುತ್ತೆ" ಅಂದೆ. ಆತ "ಹೇಳಿ" ಅಂದ, ಬಹಳ ಸುಲಭವಾಗಿ. ಏನೋ ಸಹಾಯ ಬರುತ್ತದೆ ಅಂದುಕೊಂಡಿದ್ದ ಅಂತ ಈಗ ಅನಿಸುತ್ತದೆ.

ವೈದ್ಯಾಧಿಕಾರಿಗೆ ತಿಳಿಸಿದೆ. ಬರೆದುಕೊಟ್ಟೆ, ಸಹಿ ಹಾಕಿದೆ, ಗೇಟ್ ದಾಟಿ ಮನೆಗೆ ಹೋದೆ.

ಸೋಮವಾರ

ಸೋಮವಾರ ಬಂದಾಗ ನನ್ನ ಮೇಜಿನ ಮೇಲೆ ಇನ್ನೊಂದು ಪಿಎಚ್‌ಕ್ಯೂ-9 ಇತ್ತು. ಬೆಳಗ್ಗೆ ಆಸ್ಪತ್ರೆ ವಿಭಾಗದವರು ತುಂಬಿಸಿದ್ದು. ಒಂಬತ್ತು ಪ್ರಶ್ನೆ, ಒಂಬತ್ತು ಸೊನ್ನೆ. ಕೆಳಗೆ ಯಾರೋ ಸಂತೋಷದಿಂದ 'ಗಣನೀಯ ಸುಧಾರಣೆ' ಅಂತ ಬರೆದಿದ್ದರು.

ಆಗಿದ್ದು ಇಷ್ಟು. ನನ್ನ ಪತ್ರ ವೈದ್ಯಾಧಿಕಾರಿಯಿಂದ ಕಚೇರಿಗೆ ಹೋಗಿ, ಅಲ್ಲಿಂದ ಬ್ಲಾಕಿಗೆ ಬರುವಷ್ಟರಲ್ಲಿ ಅದರಲ್ಲಿ ಉಳಿದಿದ್ದು 'ಹೈ ರಿಸ್ಕ್' ಅನ್ನುವ ಎರಡೇ ಪದ. ಅವತ್ತೇ ಸಂಜೆ ಆತನನ್ನು ಒಂಟಿ ಸೆಲ್‌ಗೆ ಹಾಕಿದರು. ಹೊದಿಕೆ ತೆಗೆದುಕೊಂಡರು. ನಿಗಾ ಇಡಬೇಕಲ್ಲ ಅಂತ ರಾತ್ರಿಯಿಡೀ ಲೈಟ್. 15 ನಿಮಿಷಕ್ಕೊಮ್ಮೆ ಯಾರೋ ಬಂದು ಕಂಬಿ ತಟ್ಟಿ ನೋಡಿ, ಪುಸ್ತಕದಲ್ಲಿ ಗುರುತು ಹಾಕಿ ಹೋಗುವುದು. ಒಂಟಿ ಸೆಲ್ ಸಾಮಾನ್ಯವಾಗಿ ಶಿಕ್ಷೆಗೆ ಬಳಸುವ ಜಾಗ. ಅಲ್ಲಿದ್ದವರಿಗೆ ಫೋನ್ ಸರದಿ ಇಲ್ಲ. ಆ ನಿಯಮ ಈತನಿಗೂ ತಾನಾಗಿಯೇ ಅಂಟಿಕೊಂಡಿತು.

ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಅವರ ಲೆಕ್ಕದಲ್ಲಿ ಐದು ರಾತ್ರಿ ಗಾಯ ಇಲ್ಲ, ಫಾರಂನಲ್ಲಿ ಸೊನ್ನೆ, ಕೆಲಸ ಆಯ್ತು.

ನಾನು ಆ ಫಾರಂ ನೋಡುತ್ತಾ ಕೂತೆ. ಎರಡನೇ ಸಲ ಓದಿದಾಗ ಹೊಟ್ಟೆಯಲ್ಲಿ ತಣ್ಣಗಾಯಿತು. ಈ ಪಟ್ಟಿ ಕೇಳುವುದು ಕಳೆದ 2 ವಾರದ ಬಗ್ಗೆ. ಸಾಯಬೇಕು ಅಂತ ಆತ ನನಗೆ ಹೇಳಿ ಐದೇ ದಿನ ಆಗಿತ್ತು. ಅಂದರೆ ಸಾಯುವ ಯೋಚನೆ ಬಂದಿತ್ತಾ ಅಂತ ಕೇಳುವ ಕೊನೆಯ ಪ್ರಶ್ನೆಗೆ ಸೊನ್ನೆ ಬರಲು ಸಾಧ್ಯವೇ ಇಲ್ಲ. ನಿದ್ರೆಯ ಪ್ರಶ್ನೆಗೂ ಸೊನ್ನೆ! ಲೈಟ್ ಆರಿಸದ ಕೋಣೆಯಲ್ಲಿ, ಹೊದಿಕೆ ಇಲ್ಲದೆ, ಕಾಲು ಗಂಟೆಗೊಮ್ಮೆ ಕಂಬಿ ಸದ್ದು ಕೇಳುತ್ತಾ ಮಲಗಿದವನಿಗೆ ನಿದ್ರೆಯ ತೊಂದರೆಯೇ ಇಲ್ಲವಂತೆ. ಇದನ್ನು ಸುಧಾರಣೆ ಅಂತ ಓದಲು ನನಗೆ ಆಗಲಿಲ್ಲ. ನಿಜ ಹೇಳಿದರೆ ಏನಾಗುತ್ತದೆ ಅಂತ ಕಲಿತವನು ಕೊಟ್ಟ ಉತ್ತರ ಅದು. ಇನ್ನು ಮುಂದೆ ಆತ ಯಾರಿಗೂ ಏನೂ ಹೇಳುವುದಿಲ್ಲ. ನಿಜವಾದ ಅಪಾಯ ಅದೇ. ಅದನ್ನು ತಂದಿಟ್ಟವಳು ನಾನು.

ಸೆಲ್ ಹತ್ತಿರ ಹೋದೆ. ಆತ ಎದ್ದು ನಿಲ್ಲಲಿಲ್ಲ.

"ಚೆನ್ನಾಗಿದೀನಿ ಮೇಡಂ" ಅಂದ.

"ಫಾರಂ ನೋಡಿದೆ" ಅಂದೆ.

"ಎಲ್ಲ ಸರಿ ಇದೆ ಅಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ. ನಿಮ್ಮನ್ನು ಇಲ್ಲಿ ಹಾಕುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು. ಕೇಳಿ ತಿಳಿದುಕೊಳ್ಳದೆ ಮನೆಗೆ ಹೋದೆ, ಅದು ನನ್ನ ತಪ್ಪು. ನಿಮ್ಮನ್ನು ಇಲ್ಲಿಂದ ಹೊರಗೆ ತರುವುದು ನನ್ನ ಕೈಯಲ್ಲಿಲ್ಲ, ಕೇಳುವುದು ಕೈಯಲ್ಲಿದೆ. ಬುಧವಾರ ಕೇಳುತ್ತೇನೆ. ಏನಾಯ್ತು ಅಂತ ಬುಧವಾರವೇ ಸಂಜೆ 4 ಗಂಟೆಗೆ ಬಂದು ಹೇಳುತ್ತೇನೆ, ಆಗದಿದ್ದರೂ ಬಂದು ಹೇಳುತ್ತೇನೆ.

ಆತ ಏನೂ ಅನ್ನಲಿಲ್ಲ. ನಾನು ಹೊರಟಾಗ ಹಿಂದಿನಿಂದ, "ನಿಮಗೆ ಹೇಳಿದ್ದಕ್ಕೆ ನನಗೆ ಸಿಕ್ಕಿದ್ದು ಇದು" ಅಂದ. ಆ ಮಾತಿನಿಂದ ಸ್ವಲ್ಪ ಸಮಾಧಾನವೇ ಆಯಿತು. ಸೊನ್ನೆಗಿಂತ ಸಿಟ್ಟು ವಾಸಿ.

ಮೂರು ತಾರೀಖು

ಸೂಪರಿಂಟೆಂಡೆಂಟರ ಮುಂದೆ ಹೋಗುವ ಮೊದಲು ನನಗೆ ಒಂದು ಉತ್ತರ ಬೇಕಿತ್ತು. ಆತ ಯಾವಾಗ ಗಾಯ ಮಾಡಿಕೊಳ್ಳುತ್ತಾನೆ? 'ಯಾಕೆ' ಅಂತ ಕೇಳಿದರೆ ಎಲ್ಲರ ಹತ್ತಿರವೂ ಒಂದೊಂದು ಕಾರಣ ಇರುತ್ತದೆ. 'ಯಾವಾಗ' ಅಂದರೆ ಪುಸ್ತಕದಲ್ಲಿ ಸಿಗುತ್ತದೆ.

ಗಾಯದ ಪುಸ್ತಕ ತೆರೆದೆ. ಮೂರು ನಮೂದು: ಶುಕ್ರವಾರ, ಶುಕ್ರವಾರ, ಗುರುವಾರ. ಕೋರ್ಟ್‌ಗೆ ಹೋದ ದಿನ ಬೇಜಾರಾಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು, ನನ್ನ ಊಹೆಯೂ ಅದೇ. ಕೋರ್ಟ್ ತಾರೀಖು ಪಕ್ಕದಲ್ಲಿಟ್ಟು ನೋಡಿದೆ. ಒಂದು ಮಾತ್ರ ಹೊಂದಿತು. ನನ್ನ ಸಿದ್ಧಾಂತ ಅಲ್ಲೇ ಬಿದ್ದುಹೋಯಿತು.

ರಿಟೈರ್ ಆಗಲು ಹತ್ತಿರವಿದ್ದ ಒಬ್ಬ ಹಿರಿಯ ವಾರ್ಡರ್ ಬೀಗದ ಕೈಗೊಂಚಲು ಎಣಿಸುತ್ತಾ ಅಲ್ಲೇ ನಿಂತಿದ್ದರು. ನಾನು ಬೆರಳಿಟ್ಟ ತಾರೀಖು ನೋಡಿ, "ಮೇಡಂ, ಅವತ್ತು ಫೋನ್ ಲೈನ್ ಕೆಟ್ಟಿತ್ತು" ಅಂದರು. ಸುಮ್ನೆ ನೆನಪಿಗೆ ಬಂದಿದ್ದನ್ನು ಹೇಳಿದ್ದು ಅಷ್ಟೇ. ನಾನು ತಲೆ ಎತ್ತಿದೆ. ಅದು ಶುಕ್ರವಾರದ ನಮೂದು, ಅಲ್ಲವೇ? "ಹೌದು, ಬೆಳಗ್ಗೆ ಬೀಗ ತೆಗೆದಾಗ ಗಾಯ ಕಂಡಿದ್ದು. ಮಾಡ್ಕೊಂಡಿದ್ದು ಹಿಂದಿನ ರಾತ್ರಿ."

ಆ ಬ್ಲಾಕಿನ ಫೋನ್ ಸರದಿ ಗುರುವಾರ. ಇಬ್ಬರೂ ಕೂತು ನೋಡಿದೆವು. ಮೊದಲ ಸಲ ಲೈನ್ ಕೆಟ್ಟಿತ್ತು. ಎರಡನೇ ಸಲ ಎಣಿಕೆ ತಾಳೆಯಾಗದೆ ಎಲ್ಲರನ್ನೂ ಒಳಗೆ ಹಾಕಿ ಬೀಗ ಜಡಿದಿದ್ದರು, ಸರಿಹೋಗುವಷ್ಟರಲ್ಲಿ ಫೋನ್ ಸಮಯ ಮುಗಿದಿತ್ತು. ಮೂರನೇ ಸಲ ಆತ ಕೋರ್ಟ್‌ನಲ್ಲಿದ್ದ, ವಾಪಸ್ ಬಂದಾಗ ಸರದಿ ದಾಟಿತ್ತು. ಸರದಿ ತಪ್ಪಿದರೆ ಇನ್ನೊಂದು ವಾರ ಕಾಯಬೇಕು. ಮೂರು ಸಲಕ್ಕೂ ಕಾರಣ ಬೇರೆ ಬೇರೆ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಾಗಾದರೆ ಫೋನ್ ಸಿಗದ್ದಕ್ಕೆ ಹಟವೇ? ನಾನು ಹಾಗೆ ಓದಲಿಲ್ಲ. ಆಮೇಲೆ ಆತನ ಬಾಯಿಂದಲೇ ಬಂದ ವಿವರ ಹೀಗಿತ್ತು. ಗುರುವಾರ ಅಕ್ಕ ಕೆಲಸಕ್ಕೆ ರಜೆ ಹಾಕಿ ಫೋನ್ ಹಿಡಿದು ಕೂರುತ್ತಾಳೆ. ಫೋನ್ ಹೋಗದಿದ್ದರೆ, ತಮ್ಮ ಬೇಕಂತಲೇ ಮಾಡಲಿಲ್ಲ ಅಂದುಕೊಳ್ಳುತ್ತಾಳೆ ಅನ್ನುವುದು ಈತನ ಭಯ. ಒಂದು ದಿನ ಬೇಸತ್ತು ಕೈಬಿಡುತ್ತಾಳೆ. ಆ ಯೋಚನೆ ಬೀಗ ಹಾಕಿದ ಮೇಲೆ ಶುರುವಾಗುತ್ತದೆ. ಹೊರಗಿನವರಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಮಾಡುತ್ತಾರೆ. ಒಳಗಿನವರಿಗೆ ಆ ಹತ್ತು ನಿಮಿಷ ಏಳು ದಿನ. ಗಾಯ ಮಾಡಿಕೊಂಡ ಕೂಡಲೇ ತಲೆಯೊಳಗಿನ ಗದ್ದಲ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿ ನರ್ಸ್ ಬ್ಯಾಂಡೇಜ್ ಕಟ್ಟುತ್ತಾ "ಏನಾಯ್ತಪ್ಪಾ" ಅಂತ ಕೇಳುತ್ತಾರೆ. ಆ ವಾರವೆಲ್ಲ ಆತನನ್ನು ಹಾಗೆ ಕೇಳಿದವರು ಅವರೊಬ್ಬರೇ.

ಚೀಟಿಯಲ್ಲಿ 'ಗಮನ ಸೆಳೆಯಲು' ಅಂತ ಬರೆದದ್ದು ಪೂರ್ತಿ ಸುಳ್ಳಲ್ಲ. ಗಮನ ಬೇಕಿತ್ತು. ಬಾಯಾರಿದವನು ನೀರು ಕೇಳಿದರೆ ನಾವು ಹಾಗೆ ಬರೆಯುತ್ತೇವಾ?

ಉತ್ತರ ಯಾರು ಕೊಡ್ತಾರೆ

ಬುಧವಾರ ಸೂಪರಿಂಟೆಂಡೆಂಟರನ್ನು ನೋಡಿದೆ. ನಾನು ಕೇಳಿದ್ದು ಮೂರು: ಆತ ಮತ್ತೆ ಬೇರೆಯವರ ಜೊತೆ ಇರುವ ಕೋಣೆಗೆ ಹೋಗಬೇಕು, ತಪ್ಪಿದ ಫೋನ್ ಸರದಿ ಅದೇ ದಿನ ಅಥವಾ ಮರುದಿನ ಸಿಗಬೇಕು, ರಾತ್ರಿ ಲೈಟ್ ಆರಿಸಬೇಕು.

ಅವರು ಕೇಳಿಸಿಕೊಂಡರು. ಆಮೇಲೆ, "ಮೇಡಂ, ಒಟ್ಟಿಗೆ ಹಾಕಿ ಏನಾದ್ರೂ ಆದ್ರೆ ಉತ್ತರ ಯಾರು ಕೊಡ್ತಾರೆ?" ಅಂದರು.

ಈ ಮಾತನ್ನು ಮೊದಮೊದಲು ನಾನು ಕಲ್ಲು ಮನಸ್ಸು ಅಂತ ತಿಳಿಯುತ್ತಿದ್ದೆ. ಈಗ ಹಾಗಲ್ಲ. ಅವರ ಭಯ ನಿಜ. ಸೆರೆಯಲ್ಲಿ ಒಬ್ಬ ಸತ್ತರೆ ವಿಚಾರಣೆ ಬರುವುದು ಅವರ ಮೇಲೆ, ನನ್ನ ಮೇಲೆ ಅಲ್ಲ. ಒಂಟಿ ಸೆಲ್‌ನಲ್ಲಿ ಹಾಕಿ 15 ನಿಮಿಷಕ್ಕೊಮ್ಮೆ ಗುರುತು ಹಾಕಿಸಿದರೆ 'ನಾವು ಮಾಡಬೇಕಾದ್ದು ಮಾಡಿದ್ದೆವು' ಅನ್ನಲು ಕಾಗದ ಇರುತ್ತದೆ. ಆದರೆ ಕಾಲು ಗಂಟೆ ಅಂದರೆ ಬಹಳ ಹೊತ್ತು. ನಡುವೆ ಏನು ಬೇಕಾದರೂ ಆಗಬಹುದು, ಪಕ್ಕದಲ್ಲಿ ಕೂಗುವವರೂ ಇರುವುದಿಲ್ಲ.

ಅವರಿಗೆ ಎರಡು ವಿಷಯ ಹೇಳಿದೆ. ಒಂದು, ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2021ರಲ್ಲಿ ನೋಡಿದಾಗ, ಜೈಲಿನ ಆತ್ಮಹತ್ಯೆಗಳ ಜೊತೆ ಗಟ್ಟಿಯಾಗಿ ತಳಕು ಹಾಕಿಕೊಂಡ ಅಂಶಗಳಲ್ಲಿ ಒಬ್ಬರೇ ಸೆಲ್‌ನಲ್ಲಿ ಇರುವುದೂ ಒಂದು. (ಅಪಾಯದಲ್ಲಿದ್ದವರನ್ನೇ ಒಂಟಿಯಾಗಿ ಹಾಕುವುದರಿಂದಲೂ ಹಾಗೆ ಕಾಣಬಹುದು, ಅದನ್ನೂ ಹೇಳಿದೆ. ಅರ್ಧ ಮಾತ್ರ ಹೇಳಿ ಗೆದ್ದರೆ ಮುಂದಿನ ಸಲ ನಂಬುವುದಿಲ್ಲ.) ಇನ್ನೊಂದು, ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು. ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅರ್ಥವುಳ್ಳ ಮನುಷ್ಯ ಸಂಪರ್ಕ ಇಲ್ಲದೆ ಇಡುವುದನ್ನು ಅವು ಏಕಾಂತ ಸೆರೆ ಅನ್ನುತ್ತವೆ. ಅದರಿಂದ ಮಾನಸಿಕ ಸ್ಥಿತಿ ಇನ್ನೂ ಹದಗೆಡುವವರಿಗೆ ಅದು ಕೂಡದು ಅನ್ನುತ್ತವೆ. "ಶಿಕ್ಷೆ ಅಂತ ಅಲ್ಲ, ಕಾಪಾಡೋಕೆ ಹಾಕಿದ್ದು" ಅಂದರು ಅವರು. "ಒಳಗಿರೋನಿಗೆ ಎರಡೂ ಒಂದೇ ಥರ ಕಾಣುತ್ತೆ ಸರ್" ಅಂದೆ.

ಇದರಿಂದ ಅವರು ಕರಗಿದರು ಅಂತ ಬರೆದರೆ ಸುಳ್ಳಾಗುತ್ತದೆ. ಕೆಲಸ ಆಗಿದ್ದು ಬೇರೆಯದರಿಂದ. ಒಂದು ಪುಟದ ಯೋಜನೆ ಬರೆದು ಒಯ್ದಿದ್ದೆ. ಯಾರು, ಯಾವ ಹೊತ್ತಿಗೆ, ಏನು ನೋಡಬೇಕು. 24 ಗಂಟೆಗೆ, 3ನೇ ದಿನಕ್ಕೆ, 7ನೇ ದಿನಕ್ಕೆ ಮರುಪರಿಶೀಲನೆ. ಕೆಳಗೆ ನನ್ನ ಸಹಿ, ವೈದ್ಯಾಧಿಕಾರಿ ಸಹಿ. ಅವರು ಅದನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿದರು. ಅವರಿಗೆ ಬೇಕಾಗಿದ್ದ ಕಾಗದ ಸಿಕ್ಕಿತು, ನನಗೆ ಬೇಕಾಗಿದ್ದ ಕೋಣೆ ಸಿಕ್ಕಿತು. ಮೂರರಲ್ಲಿ ಎರಡೂವರೆ ಒಪ್ಪಿದರು. ಲೈಟ್ ಪೂರ್ತಿ ಆರಿಸಲಿಲ್ಲ, ಮಂದ ಮಾಡಿಸಿದರು. ಮರುದಿನ ಗುರುವಾರವೇ ಕಚೇರಿ ಫೋನಿನಿಂದ ಅಕ್ಕನಿಗೆ ಕರೆ. ಶುಕ್ರವಾರ ಕೋಣೆ ಬದಲು. ಒಟ್ಟು ಒಂಬತ್ತು ರಾತ್ರಿ ಆತ ಒಬ್ಬನೇ ಇದ್ದ.

ಬುಧವಾರ 4 ಗಂಟೆಗೆ ಹೇಳಿದ್ದಂತೆ ಸೆಲ್ ಹತ್ತಿರ ಹೋದೆ. ವಿಷಯ ಕೇಳಿ ಆತ ಖುಷಿಪಡಲಿಲ್ಲ. ಆಚೆ ಗೋಡೆ ಗಡಿಯಾರ ಕಾಣುವಂತೆ ಕಂಬಿಗೆ ಮುಖ ಒತ್ತಿ ನೋಡಿ, "ನಾಕು ಗಂಟೆ" ಅಂದ. ಅಷ್ಟೇ.

ಕಾರ್ಡು

ಆಮೇಲಿನ ವಾರಗಳಲ್ಲಿ ಸುರಕ್ಷತಾ ಯೋಜನೆ ಮಾಡಿದೆವು. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಈ ವಿಧಾನದಲ್ಲಿ 6 ಹಂತ ಇವೆ. ಎಚ್ಚರಿಕೆಯ ಸೂಚನೆ ಗುರುತಿಸುವುದು, ತಾನೇ ಮಾಡಿಕೊಳ್ಳಬಹುದಾದ್ದು, ಮನಸ್ಸು ಬೇರೆ ಕಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದವರು, ವೃತ್ತಿಪರರು, ಕೊನೆಗೆ ಸುತ್ತಲಿನ ಜಾಗವನ್ನು ಸುರಕ್ಷಿತ ಮಾಡುವುದು. ಹೊರಗಿನವರಿಗಾಗಿ ಮಾಡಿದ್ದು ಇದು. ಜೈಲಿನಲ್ಲಿ ಮೂರನೇ ಹಂತಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಬೇರೆ ಜಾಗಕ್ಕೆ ಹೋಗಿ ಅನ್ನುವ ಹಾಗಿಲ್ಲ, ಯಾರಿಗಾದರೂ ಫೋನ್ ಮಾಡಿ ಅನ್ನುವ ಹಾಗೂ ಇಲ್ಲ. ಬೀಗ ಬಿದ್ದ ಮೇಲೆ ಕೈಗೆಟುಕುವುದು ಏನೇನು ಅಂತ ಇಬ್ಬರೂ ಪಟ್ಟಿ ಮಾಡಿದೆವು. ಬಹಳ ಚಿಕ್ಕ ಪಟ್ಟಿ.

ಕೊನೆಗೆ ಒಂದು ಗಟ್ಟಿ ಕಾಗದದ ಮೇಲೆ ನಾಲ್ಕು ಸಾಲು ಉಳಿಯಿತು. ಆತನದೇ ಮಾತು, ದೊಡ್ಡ ಅಕ್ಷರ. ದವಡೆ ಬಿಗಿಯಾದರೆ ಶುರುವಾಯ್ತು ಅಂತ. ಗೋಡೆಗೆ ಬೆನ್ನು ಕೊಟ್ಟು ನೂರು ಉಸಿರು. ಅಣ್ಣನನ್ನು ಎಬ್ಬಿಸು. ವಾರ್ಡರಿಗೆ 'ಕಾರ್ಡು' ಅನ್ನು.

ನಾಲ್ಕನೇ ಸಾಲು ಆತನದೇ ಉಪಾಯ. ರಾತ್ರಿ ಹೊತ್ತು ಎಲ್ಲರ ಎದುರು 'ನನಗೆ ಸಾಯಬೇಕು ಅನಿಸ್ತಿದೆ' ಅಂತ ಕೂಗಲು ಆಗುವುದಿಲ್ಲ, ಮರ್ಯಾದೆ ಪ್ರಶ್ನೆ. 'ಕಾರ್ಡು' ಅಂದರೆ ವಾರ್ಡರಿಗೆ ಅರ್ಥವಾಗಬೇಕು, ಉಳಿದವರಿಗೆ ಆಗಬಾರದು. ಮೂರೂ ಪಾಳಿಯ ವಾರ್ಡರ್‌ಗಳಿಗೆ ನಾನೇ ಹೋಗಿ ಹೇಳಿದೆ. ಒಬ್ಬರು ನಕ್ಕರು, ಆದರೆ ನೆನಪಿಟ್ಟುಕೊಂಡರು.

ಇನ್ನು ಮೂರನೇ ಸಾಲಿನ 'ಅಣ್ಣ'. ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಆ ಕೋಣೆಯಲ್ಲಿದ್ದ ಒಬ್ಬ ಹಳೇ ಕೈದಿ, ಐವತ್ತು ದಾಟಿದವರು, ಶಾಂತ ಸ್ವಭಾವ, ಎಲ್ಲರಿಗೂ ಅಣ್ಣ. ಸ್ವಲ್ಪ ನೋಡಿಕೊಳ್ಳುತ್ತೀರಾ ಅಂತ ಕೇಳಿದೆ. ಸಂತೋಷದಿಂದ ಒಪ್ಪಿದರು. ನಾನು ಧನ್ಯವಾದ ಹೇಳಿ ಮರೆತೆ. ಏಳೆಂಟು ವಾರ ಕಳೆದ ಮೇಲೆ ಅವರೇ ಆಸ್ಪತ್ರೆ ವಿಭಾಗಕ್ಕೆ ಬಂದರು, ತಲೆನೋವು, ಎದೆ ಬಡಿತ. ವಿಚಾರಿಸಿದರೆ, ಅಷ್ಟು ದಿನವೂ ಅವರು ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಆತ ಮಗ್ಗುಲು ಬದಲಿಸಿದರೂ ಎದ್ದು ಕೂರುತ್ತಿದ್ದರು. "ನೀವು ನನ್ನ ಕೈಗೆ ಒಂದು ಜೀವ ಕೊಟ್ಟು ಹೋದ್ರಿ ಮೇಡಂ. ಹೆಂಗೆ ಮಲಗ್ಲಿ?"

ಕೈದಿಗಳೇ ಕೈದಿಗಳ ಮಾತು ಕೇಳಿಸಿಕೊಳ್ಳುವ ಪದ್ಧತಿ ಕೆಲಸ ಮಾಡುತ್ತದೆ. ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆ 1991ರಲ್ಲಿ ಸ್ವಾನ್ಸಿ ಜೈಲಿನಲ್ಲಿ 'ಲಿಸನರ್' ಯೋಜನೆ ಶುರು ಮಾಡಿತು, ಅದು ಇವತ್ತಿಗೂ ನಡೆಯುತ್ತಿದೆ. ಆದರೆ ಅಲ್ಲಿ ಕೇಳಿಸಿಕೊಳ್ಳುವವರಿಗೆ ಮೊದಲು ತರಬೇತಿ ಇದೆ, ಆಮೇಲೂ ಅವರ ಭಾರ ಇಳಿಸಲು ಸಂಸ್ಥೆಯ ಸ್ವಯಂಸೇವಕರು ಇದ್ದಾರೆ. ನಾನು ಕೆಲಸ ಮಾತ್ರ ಕೊಟ್ಟಿದ್ದೆ. ಆಮೇಲೆ ಸರದಿ ಮಾಡಿದೆವು. ಇಬ್ಬರು, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಬುಧವಾರ ಇಬ್ಬರನ್ನೂ ಕೂರಿಸಿ ಹತ್ತು ನಿಮಿಷ ಮಾತು. 'ನಿಮ್ಮ ಕೆಲಸ ಎಬ್ಬಿಸಿದರೆ ಏಳುವುದು, ಕಾಯುವುದಲ್ಲ' ಅಂತ ಬಿಡಿಸಿ ಹೇಳಿದೆ. ಅಣ್ಣನ ತಲೆನೋವು ಪೂರ್ತಿ ಹೋಗಲಿಲ್ಲ, ಕಡಿಮೆ ಆಯಿತು.

ಇದರ ನಡುವೆ ಆತನ ವಕೀಲರು, ಜಾಮೀನಿಗೆ ಸಹಾಯ ಆಗುತ್ತದೆ, ಮಾನಸಿಕ ಸ್ಥಿತಿ ಬಗ್ಗೆ ಒಂದು ವರದಿ ಕೊಡಿ ಅಂತ ಕೇಳಿದರು. ಕೊಡಲಿಲ್ಲ. ಆರೈಕೆ ಮಾಡುವವಳೇ ಕೋರ್ಟಿಗೆ ಅಭಿಪ್ರಾಯ ಕೊಡುವವಳಾದರೆ ಮುಂದಿನ ಭೇಟಿಯಿಂದ ಆತ ಹೇಳುವ ಪ್ರತಿ ಮಾತೂ ವರದಿಗಾಗಿ ಹೇಳಿದ್ದಾಗುತ್ತದೆ. ಬೇರೆಯವರಿಂದ ಪರೀಕ್ಷೆ ಮಾಡಿಸಿ ಅಂದೆ. ಆತನಿಗೆ ಸಿಟ್ಟು ಬಂತು, ಎರಡು ಭೇಟಿಗೆ ಬರಲಿಲ್ಲ. ಮೂರನೆಯದಕ್ಕೆ ಬಂದ. ಮೊದಲ ದಿನ 'ಕೋರ್ಟಿಗೆ ಬರೀತೀರಾ' ಅಂತ ಕೇಳಿದ್ದು ತಾನೇ ಅಂತ ನೆನಪಾಗಿತ್ತಂತೆ.

ಜಾಮೀನು ಸಿಗದ ರಾತ್ರಿ

ಜಾಮೀನು ತಿರಸ್ಕಾರವಾಯಿತು. ಅವತ್ತು ರಾತ್ರಿ ಆತ ಮತ್ತೆ ಕೈಗೆ ಗಾಯ ಮಾಡಿಕೊಂಡ. ಬೆಳಗ್ಗೆ ಬ್ಲಾಕಿನಲ್ಲಿ ನನಗೆ ಸಿಕ್ಕ ಸ್ವಾಗತ: "ನಿಮ್ಮ ಪ್ಲಾನ್ ಫೇಲ್ ಆಯ್ತಲ್ಲ ಮೇಡಂ."

ಪುಸ್ತಕ ನೋಡಿದೆ. ಸಮಯದ ಕಾಲಂ ಈ ಸಲ ಖಾಲಿ ಇರಲಿಲ್ಲ. ಹಿಂದಿನ ಮೂರೂ ಗಾಯ ಬೇರೆಯವರು ಕಂಡುಹಿಡಿದದ್ದು, ಎರಡು ಸಲವಂತೂ ಬೆಳಗಾದ ಮೇಲೆ. ಈ ಸಲ ರಾತ್ರಿ 11.20ಕ್ಕೆ ಆತನೇ ಕಂಬಿ ಹತ್ತಿರ ಬಂದು 'ಕಾರ್ಡು' ಅಂದಿದ್ದ. ಅಣ್ಣ ಎದ್ದಿದ್ದರು. ಗಾಯ ಹೊಲಿಗೆ ಬೇಕಾಗುವಷ್ಟು ಇರಲಿಲ್ಲ. ವಾರ್ಡರ್ ಅರ್ಧ ಗಂಟೆ ಕಂಬಿಯಾಚೆ ಕೂತು ಮಾತಾಡಿದ್ದರು. ಏನು ಮಾತಾಡಿದಿರಿ ಅಂತ ಕೇಳಿದೆ. "ಏನಿಲ್ಲ, ನನ್ನ ಮಗಳ ಮದುವೆ ಸಾಲದ ಬಗ್ಗೆ" ಅಂದರು. ನಕ್ಕವರೇ ಅವರು.

ಇದನ್ನು ಸೋಲು ಅಂತ ಬರೆಯಬೇಕೋ ಅಲ್ಲವೋ ಅಂತ ಮರುಪರಿಶೀಲನೆಯಲ್ಲಿ ಚರ್ಚೆ ಆಯಿತು. ಗಾಯದ ಸಂಖ್ಯೆ ಮಾತ್ರ ನೋಡಿದರೆ ಸೋಲೇ. ನಾನು ಎಷ್ಟು ಹೊತ್ತಿಗೆ, ಯಾರಿಗೆ ಹೇಳಿದ ಅನ್ನುವುದನ್ನು ಎಣಿಸಲು ಕೇಳಿದೆ. ಮತ್ತೆ ಒಂಟಿ ಸೆಲ್‌ಗೆ ಹಾಕಲಿಲ್ಲ. ಆ ತೀರ್ಮಾನ ತಗೊಂಡಿದ್ದು ಸೂಪರಿಂಟೆಂಡೆಂಟರೇ. ನಾನು ಬಾಯಿ ತೆರೆಯುವ ಮೊದಲೇ.

ಆಮೇಲೆ ತುಂಬಿಸಿದ ಪಿಎಚ್‌ಕ್ಯೂ-9ರಲ್ಲಿ 14 ಬಂತು. ಸೊನ್ನೆಗಳ ಪಕ್ಕದಲ್ಲಿ ಇಟ್ಟರೆ 14 ಕೆಟ್ಟದಾಗಿ ಕಾಣುತ್ತದೆ. ಯಾರೂ 'ಗಣನೀಯ' ಅಂತ ಏನೂ ಬರೆಯಲಿಲ್ಲ. ನನಗೆ ಅದು ಆತ ನಿಜ ಹೇಳುತ್ತಿರುವ ಅಂಕ.

ಈ ಪ್ರಕರಣದ ನಂತರ ನಾನು ಮಾಡುವ ಮೊದಲ ಭೇಟಿ ಬದಲಾಗಿದೆ. ಗೋಪ್ಯತೆಯ ಮಿತಿ ಹೇಳುವಾಗ ಮುಂದಿನದನ್ನೂ ಹೇಳುತ್ತೇನೆ: ಯಾರಿಗೆ ಹೇಳುತ್ತೇನೆ, ಅವರು ಏನು ಮಾಡಬಹುದು, ಯಾವ ಕೋಣೆಗೆ ಹೋಗಬೇಕಾಗಬಹುದು, ಅಲ್ಲಿ ಫೋನ್ ಇರುತ್ತದೋ ಇಲ್ಲವೋ. ಅದನ್ನು ಕೇಳಿ ಕೆಲವರು ಬಾಯಿ ಮುಚ್ಚುತ್ತಾರೆ, ನಿಜ. ಆದರೆ ತೆರೆದವರಿಗೆ ನಾನು ಮೋಸ ಮಾಡಿದ ಹಾಗಾಗುವುದಿಲ್ಲ. ಅಪಾಯದ ಪತ್ರ ಕೊಟ್ಟ ದಿನ, ಇವತ್ತು ರಾತ್ರಿ ಈ ವ್ಯಕ್ತಿ ಎಲ್ಲಿ ಮಲಗುತ್ತಾನೆ ಅಂತ ಕೇಳದೆ ಗೇಟ್ ದಾಟುವುದಿಲ್ಲ. ಅಂಕ ಏಕಾಏಕಿ ಇಳಿದರೆ ಹಿಂದಿನ ಕೆಲವು ದಿನ ಆ ವ್ಯಕ್ತಿಗೆ ಏನಾಗಿತ್ತು ಅಂತ ಮೊದಲು ನೋಡುತ್ತೇನೆ. ಇನ್ನು ಆ ಹಿರಿಯ ವಾರ್ಡರ್: ಅವರು ರಿಟೈರ್ ಆಗುವವರೆಗೂ ಪ್ರತಿ ಹೊಸ ಚೀಟಿಯನ್ನೂ ಮೊದಲು ಅವರಿಗೇ ತೋರಿಸುತ್ತಿದ್ದೆ.

ವರ್ಗಾವಣೆ

ನಮ್ಮ ಕೆಲಸ ಮುಗಿಯಲಿಲ್ಲ, ನಿಂತಿತು. ಐದನೇ ತಿಂಗಳಲ್ಲಿ ಒಂದು ಸೋಮವಾರ ಬಂದಾಗ ಆತ ಇರಲಿಲ್ಲ. ಭಾನುವಾರ ಹೇಳಿ ಸೋಮವಾರ ಬೆಳಗ್ಗೆ ಬೇರೆ ಜೈಲಿಗೆ ಕಳಿಸಿದ್ದರು. ಜೈಲಿನಲ್ಲಿ ವಿದಾಯದ ಭೇಟಿ ಅನ್ನುವುದು ಪುಸ್ತಕದಲ್ಲಿ ಮಾತ್ರ. ಕಾರ್ಡು ತಗೊಂಡು ಹೋದನಾ ಅಂತ ಅಣ್ಣನನ್ನು ಕೇಳಿದೆ. ಅಂಗಿ ಜೇಬಲ್ಲಿ ಇಟ್ಟುಕೊಂಡಿದ್ದು ನೋಡಿದೆ ಅಂದರು.

ಅವತ್ತೇ ಎರಡು ಪುಟದ ಪತ್ರ ಬರೆದು ಆ ಜೈಲಿನ ಆಸ್ಪತ್ರೆ ವಿಭಾಗಕ್ಕೆ ಕಳಿಸಿದೆ. 'ಹೈ ರಿಸ್ಕ್' ಅನ್ನುವ ಪದ ಬಳಸಲಿಲ್ಲ. ಮೊದಲ ಸಾಲಿನಲ್ಲಿ, ಫೋನ್ ಸರದಿ ತಪ್ಪಿದ ದಿನ ಸಂಜೆ ಬೀಗ ಹಾಕುವ ಮೊದಲು ಹೋಗಿ ಮಾತಾಡಿಸಿ ಅಂತ ಬರೆದೆ. ಉತ್ತರ ಬರುತ್ತದೆ ಅಂತ ಕಾಯಲಿಲ್ಲ. ಸಾಮಾನ್ಯವಾಗಿ ಬರುವುದಿಲ್ಲ.

ನಾಲ್ಕನೇ ದಿನ ಅಲ್ಲಿನ ನರ್ಸ್ ಫೋನ್ ಮಾಡಿದರು. ಪತ್ರ ಓದಿದ್ದರು. "ಮೇಡಂ, ಇಲ್ಲಿ ಹೊಸದಾಗಿ ಬಂದವರ ನಂಬರ್ ಪರಿಶೀಲನೆ ಆಗೋವರೆಗೂ ಫೋನ್ ಕೊಡಲ್ಲ. ಎರಡು ವಾರ ಹಿಡಿಯುತ್ತೆ. ನಾನೇನು ಮಾಡ್ಲಿ?"

ಆತನಿಗೆ ಗೊತ್ತಾ ಅಂತ ಕೇಳಿದೆ.

"ಇಲ್ಲ. ಕೇಳ್ತಾನೇ ಇದಾನೆ. 'ಆಗುತ್ತೆ, ಆಗುತ್ತೆ' ಅಂತಿದೀವಿ."

ತಾರೀಖು ಹೇಳಿ ಅಂದೆ. ಎರಡು ವಾರ ಅಂದರೆ ಯಾವ ದಿನ ಅಂತ ಕಚೇರಿಯಲ್ಲಿ ಕೇಳಿ, ಆ ತಾರೀಖು ಆತನಿಗೆ ಹೇಳಿ. ಅಲ್ಲಿಯವರೆಗೆ ಫೋನ್ ಇಲ್ಲ ಅಂತ ಅಕ್ಕನಿಗೂ ಒಂದು ಕಾಗದ ಹೋಗಲಿ. ಆ ದಿನ ತಪ್ಪಿದರೆ, ತಪ್ಪಿತು ಅಂತ ಅವತ್ತೇ ಹೋಗಿ ಹೇಳಿ.

ಆ ಕಡೆಯಿಂದ ಪೆನ್ನಿನ ಸದ್ದು ಕೇಳಿಸಿತು. "ಅಕ್ಕನ ವಿಳಾಸ ಪತ್ರದಲ್ಲಿ ಇದೆಯಾ?" ಅಂದರು.

ಎರಡನೇ ಪುಟದಲ್ಲಿದೆ ಅಂದೆ.